ಶುಗರ್ ಇದ್ದವರಿಗೆ ಎಂಜೈಮ್ ಗುಳಿಗೆ: ಯಾರಿಗೆ ಬೇಕು, ಹೇಗೆ ನುಂಗಬೇಕು?

ನಮ್ಮ ಚಿಕ್ಕಪ್ಪನಿಗೆ ಶುಗರ್ ಬಂದು ಹನ್ನೆರಡು ವರ್ಷವಾಯಿತು. ಹೋದ ವರ್ಷ ಡಾಕ್ಟರು ಅಕಾರ್ಬೋಸ್ ಮಾತ್ರೆ ಸೇರಿಸಿದರು. ನಾಲ್ಕೇ ದಿನಕ್ಕೆ ಹೊಟ್ಟೆಯುಬ್ಬರ, ಗುಡುಗುಡು, ಗ್ಯಾಸ್. ಚಿಕ್ಕಪ್ಪ ಸೀದಾ ಮೆಡಿಕಲ್ ಶಾಪಿಗೆ ಹೋಗಿ, ಚೀಟಿಯಿಲ್ಲದೆ, ಜೀರ್ಣಕ್ಕೆ ಅಂತ ಒಂದು ಎಂಜೈಮ್ ಸಿರಪ್ ತಂದರು. ಗ್ಯಾಸ್ ಇಳಿಯಿತು. ಊಟದ ನಂತರದ ಶುಗರ್ ಮಾತ್ರ ಇಳಿಯಲೇ ಇಲ್ಲ.

ಕಾರಣ ಸುಲಭ. ಅನ್ನ, ಮುದ್ದೆಯ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದು ಹೊಟ್ಟೆಯೊಳಗಿನ ಎಂಜೈಮ್‌ಗಳು, ಅಂದರೆ ಕಿಣ್ವಗಳು. ಅವುಗಳ ಕೈ ಕಟ್ಟುವುದೇ ಅಕಾರ್ಬೋಸ್‌ನ ಕೆಲಸ. ಒಡೆಯದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುಳಿತು ಗ್ಯಾಸ್ ಆಗುತ್ತದೆ. ಸಿರಪ್‌ನಲ್ಲಿದ್ದ ಡಯಾಸ್ಟೇಸ್ ಎಂಬ ಎಂಜೈಮ್ ಅದೇ ಪಿಷ್ಟವನ್ನು ಒಡೆಯಲು ಹೊರಟಿತು. ಒಂದು ಔಷಧಿ ನಲ್ಲಿ ಮುಚ್ಚುತ್ತದೆ, ಇನ್ನೊಂದು ತೆರೆಯುತ್ತದೆ. ಇಂಥ ಸಿರಪ್‌ಗಳಲ್ಲಿ ಸಿಹಿಗೆ ಸಕ್ಕರೆಯನ್ನೇ ಹಾಕಿರುವುದೂ ಉಂಟು.

ಹಾಗಾದರೆ ಶುಗರ್ ಇದ್ದವರು ಎಂಜೈಮ್ ಮುಟ್ಟಲೇಬಾರದಾ? ಹಾಗೇನಿಲ್ಲ. ಕೆಲವರಿಗೆ ಅದು ಬೇಕೇ ಬೇಕು.

ಮೊದಲು, ನಿಮಗೆ ಎಂಜೈಮ್ ಕೊರತೆ ಇದೆಯಾ ನೋಡಿ

ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಎರಡು ಕೆಲಸ ಮಾಡುತ್ತದೆ. ರಕ್ತಕ್ಕೆ ಇನ್ಸುಲಿನ್ ಬಿಡುತ್ತದೆ, ಕರುಳಿಗೆ ಎಂಜೈಮ್ ಇರುವ ಜೀರ್ಣರಸ ಬಿಡುತ್ತದೆ. ಈ ಎರಡಕ್ಕೂ ಒಂದು ಹಳೇ ಜಗಳವಿದೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಹುಡುಕುತ್ತಿದ್ದಾಗ, ಗ್ರಂಥಿಯ ಜೀರ್ಣರಸವೇ ಅದನ್ನು ತಿಂದುಹಾಕುತ್ತದೆ ಎಂದು ನಾಯಿಗಳ ಮೇದೋಜೀರಕದ ನಾಳವನ್ನು ಕಟ್ಟಿ ಪ್ರಯೋಗ ಮಾಡಿದ್ದರು. ಇನ್ಸುಲಿನ್ ಅನ್ನು ಇವತ್ತಿಗೂ ಚುಚ್ಚಿಕೊಳ್ಳಬೇಕಾಗಿರುವುದು ಇದೇ ಕಾರಣಕ್ಕೆ. ನುಂಗಿದರೆ ಜೀರ್ಣವಾಗಿಬಿಡುತ್ತದೆ.

ಗ್ರಂಥಿಯೇ ಹಾಳಾದಾಗ ಎರಡೂ ಕೆಲಸ ಒಟ್ಟಿಗೆ ನಿಲ್ಲುತ್ತವೆ. ತುಂಬಾ ವರ್ಷ ಕುಡಿದು ಗ್ರಂಥಿ ಸುಟ್ಟುಕೊಂಡವರು, ಆಪರೇಷನ್‌ನಲ್ಲಿ ಅದನ್ನು ತೆಗೆಸಿಕೊಂಡವರು ಈ ಗುಂಪಿನವರು. ಕುಡಿತದ ಹಂಗಿಲ್ಲದೆ, ಎಳೆ ವಯಸ್ಸಿನಲ್ಲೇ ಗ್ರಂಥಿಯಲ್ಲಿ ಕಲ್ಲು ಕಟ್ಟಿ ಶುಗರ್ ಬರುವ ಒಂದು ಬಗೆಯೂ ದಕ್ಷಿಣ ಭಾರತದಲ್ಲಿದೆ. ಕೇರಳದಲ್ಲಿ ಡಾ. ಪಿ.ಜೆ. ಗೀವರ್ಗೀಸ್ ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ.

ಲಕ್ಷಣ ಕೇಳಲು ಸಂಕೋಚ, ಆದರೆ ಹೇಳಲೇಬೇಕು. ಮಲ ಮಸುಕು ಬಣ್ಣಕ್ಕೆ ತಿರುಗಿ, ಜಿಡ್ಡುಜಿಡ್ಡಾಗಿ, ವಿಪರೀತ ನಾರುತ್ತದೆ. ಎಷ್ಟು ನೀರು ಹಾಕಿದರೂ ಕಮೋಡ್‌ಗೆ ಅಂಟಿಕೊಂಡಿರುತ್ತದೆ. ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ. ಕೆಲವರಿಗೆ ಬೆನ್ನಿಗೆ ಹಾಯುವ ಹೊಟ್ಟೆನೋವು. ಇಷ್ಟಿದ್ದರೆ ಡಾಕ್ಟರ ಹತ್ತಿರ ಹೋಗಿ, ನಾಚಿಕೆ ಬಿಟ್ಟು ಹೀಗೇ ಹೇಳಿ.

ಬರೀ ಭೇದಿಯಾದರೆ ಮೊದಲು ನಿಮ್ಮ ಮಾತ್ರೆಯ ಪಟ್ಟಿ ನೋಡಿ. ಮೆಟ್‌ಫಾರ್ಮಿನ್ ಎಷ್ಟೋ ಜನರಿಗೆ ಹೊಟ್ಟೆ ಕೆಡಿಸುತ್ತದೆ. ನಿಧಾನಕ್ಕೆ ಕರಗುವ ಬಗೆಗೆ ಬದಲಿಸಿದರೆ ಹಲವರಿಗೆ ಸರಿಹೋಗುತ್ತದೆ. ಎರಡು ತುತ್ತಿಗೇ ಹೊಟ್ಟೆ ತುಂಬಿ, ನಿನ್ನೆಯ ಊಟ ಇವತ್ತು ವಾಂತಿಯಾದರೆ ಅದು ಬೇರೆಯದೇ ಕಥೆ. ಹಳೇ ಶುಗರ್‌ನಿಂದ ಜಠರದ ನರ ಸೋತಿರಬಹುದು. ಅಲ್ಲಿ ತೊಂದರೆ ಇರುವುದು ಆಹಾರ ಮುಂದಕ್ಕೆ ಸಾಗುವುದರಲ್ಲಿ. ಎಂಜೈಮ್ ಹಾಕಿ ಏನು ಪ್ರಯೋಜನ?

ಆಮೇಲೆ, ಪರೀಕ್ಷೆ

ಫೀಕಲ್ ಎಲಾಸ್ಟೇಸ್ ಅಂತ ಒಂದು ಮಲ ಪರೀಕ್ಷೆ ಇದೆ. ಗ್ರಾಮಿಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಕೊರತೆಯ ಅನುಮಾನ, 100ಕ್ಕಿಂತ ಕೆಳಗಿದ್ದರೆ ಜೋರು ಕೊರತೆ. ನೀರು ನೀರಾದ ಮಲ ಕೊಟ್ಟರೆ ಸುಮ್ನೆ ಕಡಿಮೆ ತೋರಿಸುತ್ತದೆ. ಹಾಗಾಗಿ ಭೇದಿ ನಿಂತ ಮೇಲೆ ಕೊಡುವುದು ವಾಸಿ.

ನುಂಗುವ ರೀತಿ

ಎಡವುವುದು ಜಾಸ್ತಿ ಇಲ್ಲೇ. ಡಾಕ್ಟರು ಬರೆಯುವುದು ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್. ಅದರ ಮೇಲಿರುವ 10,000, 25,000 ಎಂಬ ಅಂಕಿ ಕೊಬ್ಬು ಕರಗಿಸುವ ಲೈಪೇಸ್‌ನ ಯುನಿಟ್. ದೊಡ್ಡವರಿಗೆ ಒಂದು ಪೂರ್ತಿ ಊಟಕ್ಕೆ 40,000ದಿಂದ 50,000 ಯುನಿಟ್‌ನಿಂದ ಶುರು ಮಾಡುವುದು ವಾಡಿಕೆ, ಸಂಜೆಯ ಸಣ್ಣ ತಿನಿಸಿಗೆ ಅದರ ಅರ್ಧ. ನಿಮ್ಮ ಲೆಕ್ಕ ನಿಮ್ಮ ಡಾಕ್ಟರು ಹೇಳಿದ್ದೇ.

ಊಟದ ಮುಂಚೆ ಬೇಡ, ಊಟ ಮುಗಿದ ಮೇಲೂ ಬೇಡ. ಮೊದಲ ತುತ್ತಿನ ಜೊತೆಗೆ ನುಂಗಿ. ಎರಡು ಕ್ಯಾಪ್ಸೂಲ್ ಇದ್ದರೆ ಇನ್ನೊಂದನ್ನು ಊಟದ ನಡುವೆ. ಅನ್ನದ ಜೊತೆ ಕಲೆತು ಹೋಗಬೇಕು, ಅದೇ ಗುಟ್ಟು. ಬರೀ ಹಣ್ಣಿಗೋ, ಹಾಲಿಲ್ಲದ ಚಹಾಕ್ಕೋ ಬೇಕಾಗುವುದಿಲ್ಲ. ಹಬ್ಬದ ದಿನ ಹೋಳಿಗೆಯ ಮೇಲೆ ತುಪ್ಪ ಬಿತ್ತೋ, ಅವತ್ತು ಜಾಸ್ತಿ ಬೇಕಾಗಬಹುದು. ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಕ್ಯಾಪ್ಸೂಲ್ ಅಗಿಯಬೇಡಿ. ಒಳಗಿನ ಕಾಳುಗಳ ಹೊದಿಕೆ ಒಡೆದರೆ ಜಠರದ ಹುಳಿ ಎಂಜೈಮ್ ಅನ್ನು ಕೊಲ್ಲುತ್ತದೆ, ಬಾಯಲ್ಲಿ ಹುಣ್ಣೂ ಆಗಬಹುದು. ನುಂಗಲಾಗದವರು ಕ್ಯಾಪ್ಸೂಲ್ ಬಿಚ್ಚಿ, ಬೇಯಿಸಿ ಆರಿಸಿ ಕಿವುಚಿದ ಸೇಬಿನಲ್ಲಿ ಬೆರೆಸಿ ತಕ್ಷಣ ನುಂಗಿ ನೀರು ಕುಡಿಯಬಹುದು. ಬಿಸಿ ಸಾರಿಗೆ ಹಾಕಿದರೆ ಎಂಜೈಮ್ ಬೆಂದುಹೋಗುತ್ತದೆ. ಬಿಸಿಲಿಗೂ ಆಗದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನಿಂತ ಕಾರಿನೊಳಗೆ ಡಬ್ಬಿ ಬಿಟ್ಟರೆ ಮುಗಿಯಿತು.

ಇನ್ನೊಂದು ಮಾತು. ಈ ಔಷಧಿ ಮಾಡುವುದು ಹಂದಿಯ ಮೇದೋಜೀರಕದಿಂದ. ಸಸ್ಯಾಹಾರಿಗಳಿಗೆ, ಮುಸ್ಲಿಮರಿಗೆ ಇದು ಮೊದಲೇ ಗೊತ್ತಿರಬೇಕು ಅಂತ ನನಗನಿಸುತ್ತದೆ. ಒಪ್ಪದಿದ್ದರೆ ಸುಮ್ಮನೆ ಬಿಟ್ಟುಬಿಡುವ ಬದಲು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಶುಗರ್ ಮೇಲೆ ಕಣ್ಣಿಡಿ

ಗುಳಿಗೆ ಶುರುವಾದ ಮೇಲೆ, ಇಷ್ಟು ದಿನ ಹೊರಗೆ ಹೋಗುತ್ತಿದ್ದ ಊಟ ಮೈಗೆ ಸೇರುತ್ತದೆ. ಶುಗರ್ ಏರಬಹುದು. ಅದು ಗುಳಿಗೆಯ ತಪ್ಪಲ್ಲ, ಇನ್ಸುಲಿನ್ ಲೆಕ್ಕ ಹೊಸದಾಗಿ ಹಾಕಬೇಕು ಅಷ್ಟೇ. ಮೊದಲ ಕೆಲವು ವಾರ ಮನೆಯ ಮೀಟರ್‌ನಲ್ಲಿ ಊಟದ ಮುಂಚೆ, ಎರಡು ಗಂಟೆ ಬಿಟ್ಟು ನೋಡಿ ಬರೆದಿಡಿ. ಗ್ರಂಥಿ ಹಾಳಾದವರಲ್ಲಿ ಶುಗರ್ ಏರಿಸುವ ಗ್ಲುಕಗಾನ್ ಕೂಡ ಕಡಿಮೆ ಇರುತ್ತದೆ. ಹಾಗಾಗಿ ಲೋ ಶುಗರ್ ಆದರೆ ಜೋರಾಗಿಯೇ ಆಗುತ್ತದೆ. ಎ, ಡಿ, ಇ, ಕೆ ವಿಟಮಿನ್ ಕೊರತೆ ಇದೆಯಾ ಅಂತಲೂ ಕೇಳಿ.

ಕಾಲು, ಕಿಡ್ನಿಗೆ ಎಂಜೈಮ್?

ಪಾದ ಉರಿಗೆ, ಊತಕ್ಕೆ, ಕಿಡ್ನಿಗೆ ಅಂತ ಮಾರುವ ಡಬ್ಬಿಗಳನ್ನು ನೋಡಿರುತ್ತೀರಿ. ಹಿಂದೆ ತಿರುಗಿಸಿ ಓದಿ. ಎಷ್ಟೋ ಡಬ್ಬಿಗಳ ಮೇಲೆ ಔಷಧಿಯಾಗಿ ಬಳಸಲು ಅಲ್ಲ ಎಂದು ಕಾನೂನಿನ ಪ್ರಕಾರ ಅವರೇ ಬರೆದಿರುತ್ತಾರೆ.

ಊತಕ್ಕೆ ನಮ್ಮಲ್ಲಿ ಧಾರಾಳವಾಗಿ ಕೊಡುವ ಸೆರ‍್ರಾಶಿಯೊಪೆಪ್ಟಿಡೇಸ್ ಎಂಬ ಎಂಜೈಮ್‌ನ ಕಥೆ ಕೇಳಿ. ಅದು ಹುಟ್ಟಿದ್ದು ಜಪಾನಿನಲ್ಲಿ. ಖಾಲಿ ಗುಳಿಗೆಗಿಂತ ಹೆಚ್ಚೇನೂ ಕೆಲಸ ಮಾಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಕಂಡಾಗ, 2011ರಲ್ಲಿ ಟಕೇಡಾ ಕಂಪನಿ ಅದನ್ನು ಅಲ್ಲಿ ತಾನಾಗಿಯೇ ಹಿಂತೆಗೆದುಕೊಂಡಿತು. ನಮ್ಮಲ್ಲಿ ಇನ್ನೂ ಓಡುತ್ತಿದೆ. ಅದಕ್ಕಿಂತ ಚಿಂತೆಯ ವಿಷಯ ಅದರ ಜೊತೆಗಾರರು: ಎಷ್ಟೋ ಸಲ ಅದೇ ಮಾತ್ರೆಯಲ್ಲಿ ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್ ಸೇರಿರುತ್ತದೆ. ಈಗಾಗಲೇ ಸೋತ ಕಿಡ್ನಿಗೆ ಆ ನೋವಿನ ಮಾತ್ರೆ ದೊಡ್ಡ ಪೆಟ್ಟು. ನ್ಯಾಟೊಕೈನೇಸ್, ಬ್ರೊಮೆಲೈನ್ ಅಂಥ ಎಂಜೈಮ್‌ಗಳನ್ನು ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ತೆಗೆದುಕೊಂಡರೆ ರಕ್ತ ಸೋರುವ ಭಯವಿದೆ.

ಕಾಲಿನ ಗಾಯಕ್ಕೆ ಪರಂಗಿಯ ಹಾಲು ಹಚ್ಚುವವರೂ ಇದ್ದಾರೆ. ಪರಂಗಿಯ ಪಪೈನ್ ಸತ್ತ ಮಾಂಸ ಕರಗಿಸುವುದು ನಿಜ. ಆದರೆ ಸ್ಪರ್ಶವೇ ಇಲ್ಲದ ಪಾದದಲ್ಲಿ ಗಾಯ ಎಷ್ಟು ಆಳ ಹೋಗಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ ಅಲ್ವಾ? ಅಂಥ ಗಾಯವನ್ನು ಅವತ್ತೇ ಡಾಕ್ಟರಿಗೆ ತೋರಿಸಿ.

ಚಿಕ್ಕಪ್ಪನ ಸಿರಪ್ ನಿಂತಿತು. ಡಾಕ್ಟರು ಅಕಾರ್ಬೋಸ್ ಅನ್ನು ಅತಿ ಕಡಿಮೆ ಪ್ರಮಾಣಕ್ಕೆ ಇಳಿಸಿ, ನಿಧಾನಕ್ಕೆ ಏರಿಸಿದರು. ಕೆಲವು ವಾರದಲ್ಲಿ ಹೊಟ್ಟೆ ಒಗ್ಗಿಕೊಂಡಿತು. ಹಾಗೇ ಅವರ ಜೇಬಿನಲ್ಲಿದ್ದ ಚಾಕಲೇಟ್ ಕೂಡ ಹೊರಗೆ ಹೋಯಿತು. ಅಕಾರ್ಬೋಸ್ ನುಂಗುವವರಿಗೆ ಲೋ ಶುಗರ್ ಆದಾಗ ಸಕ್ಕರೆ ಬೇಗ ಒಡೆಯುವುದಿಲ್ಲ, ಗ್ಲುಕೋಸ್ಸೇ ಬೇಕು. ಈಗ ಅಲ್ಲಿ ಗ್ಲುಕೋಸ್ ಪುಡಿಯ ಸಣ್ಣ ಪೊಟ್ಟಣ ಇರುತ್ತದೆ.