ಫೆಬ್ರವರಿ 23ರ ಬಿಷ್ಕೆಕ್: ಹೊಸದಾಗಿ ಬಂದ ಕನ್ನಡಿಗರಿಗೆ

ವೈದ್ಯಕೀಯ ಓದಿಗೆಂದೋ ಕೆಲಸಕ್ಕೆಂದೋ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ಗೆ ಬರುವ ನಮ್ಮವರಿಗೆ ಚಳಿಗಾಲದ ಕೊನೆಯಲ್ಲಿ ಎದುರಾಗುವ ರಾಷ್ಟ್ರೀಯ ರಜೆ ಫೆಬ್ರವರಿ 23, ಪಿತೃಭೂಮಿ ರಕ್ಷಕರ ದಿನ. 1918ರಲ್ಲಿ ಹುಟ್ಟಿದ ಕೆಂಪು ಸೇನೆಯ ನೆನಪಿಗೆಂದು ಸೋವಿಯತ್ ಕಾಲದಿಂದ ನಡೆದುಬಂದ ಆಚರಣೆಯಾದರೂ, ಇದನ್ನು ಹಳೆಯ ಆಳ್ವಿಕೆಯ ಉಳಿಕೆಯೆಂದು ಎಣಿಸಬೇಡಿ. 2022ರ ಸೆಪ್ಟೆಂಬರಿನಲ್ಲಿ ಬಾತ್ಕೆನ್ ಸೀಮೆಯಲ್ಲಿ ತಾಜಿಕಿಸ್ತಾನದೊಡನೆ ನಡೆದ ಗಡಿ ಕಾಳಗದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳು ಇಲ್ಲಿವೆ. ಗಡಿ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಮಾರ್ಚಿನಲ್ಲಿ.

ಅಂದು ಬ್ಯಾಂಕು, ಕಚೇರಿಗಳು ಮುಚ್ಚಿರುತ್ತವೆ. ವೀಸಾ, ನೋಂದಣಿ ಕೆಲಸಗಳನ್ನು ಮೊದಲೇ ಮುಗಿಸಿಕೊಳ್ಳಿ.

ಸೇನೆಯಲ್ಲಿ ಇಲ್ಲದ ಗಂಡಸರಿಗೂ ಅಂದು ಶುಭಾಶಯ ಹೇಳುವುದು ವಾಡಿಕೆ. ಆದರೆ ನೆರೆಮನೆಯಾಕೆಯನ್ನು 'ಯಜಮಾನರು ಎಲ್ಲಿ' ಎಂದು ಥಟ್ಟನೆ ಕೇಳಬೇಡಿ. ಅವರು ಮಾಸ್ಕೋದ ಯಾವುದೋ ಕಟ್ಟಡದ ಕೆಲಸದಲ್ಲಿರಬಹುದು. ಈ ದೇಶದ ಶೇ. 90ಕ್ಕೂ ಹೆಚ್ಚು ನೆಲ ಬೆಟ್ಟ, ಉಳಲು ಸಿಗುವುದು ಕಣಿವೆಗಳಷ್ಟೇ. ಸುಮಾರು 4,000 ಮೀಟರ್ ಎತ್ತರದಲ್ಲಿರುವ ಕುಮ್ತೋರ್ ಚಿನ್ನದ ಗಣಿ ಖಜಾನೆಗೆ ಆಧಾರವಾಗಿದ್ದು, 2021ರಲ್ಲಿ ಸರ್ಕಾರ ಅದನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಆದರೂ ಒಂದು ಗಣಿ ಎಷ್ಟು ಜನರಿಗೆ ಕೆಲಸ ಕೊಟ್ಟೀತು? ಹಾಗಾಗಿ ಹರೆಯದವರು ರಷ್ಯಾಕ್ಕೆ ಗುಳೆ ಹೋಗುತ್ತಾರೆ, ಅವರು ಕಳಿಸುವ ಹಣ ಹಲವು ವರ್ಷಗಳಲ್ಲಿ ದೇಶದ ಒಟ್ಟು ಉತ್ಪನ್ನದ ಕಾಲು ಭಾಗವನ್ನೂ ಮೀರಿದೆ. ರಾಯಚೂರು, ಕಲಬುರಗಿ ಕಡೆಯಿಂದ ಬಂದವರಿಗೆ ಬೀಗ ಹಾಕಿದ ಮನೆಗಳ, ಅಜ್ಜಿಯ ಬಳಿ ಬೆಳೆಯುವ ಮಕ್ಕಳ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ನಾಡನ್ನು ಕಾಯುವವರ ಹಬ್ಬದಂದೇ ಎಷ್ಟೋ ಹಳ್ಳಿಗಳಲ್ಲಿ ಮನೆ ಕಾಯುವವರು ಮುದುಕರು ಮತ್ತು ಹೆಂಗಸರು ಎಂಬುದು ನನ್ನನ್ನು ಪ್ರತಿವರ್ಷವೂ ಕಲಕುತ್ತದೆ.

ನಮ್ಮ ಮಕ್ಕಳ ಪಾಡು ಬೇರೆ ಬಗೆಯದು. ಶಾಲೆಯಲ್ಲಿ ಹುಡುಗಿಯರು ಅಂದು ಹುಡುಗರಿಗೆ ಉಡುಗೊರೆ ಕೊಡುತ್ತಾರೆ, ಮಾರ್ಚ್ 8ರ ಮಹಿಳಾ ದಿನದಂದು ಹುಡುಗರು ಹಿಂದಿರುಗಿಸುತ್ತಾರೆ. ನನ್ನ ಮಗಳು ಸೈನಿಕರ ಮೇಲಿನ ರಷ್ಯನ್ ಪದ್ಯವನ್ನು ತಡೆಯಿಲ್ಲದೆ ಒಪ್ಪಿಸುತ್ತಾಳೆ, ಆದರೆ ಫೋನಿನಲ್ಲಿ ಅಜ್ಜಿಯ ಮಾತಿಗೆ ಕನ್ನಡದಲ್ಲಿ ಉತ್ತರಿಸಲು ತಡವರಿಸುತ್ತಾಳೆ. ಅವಳಿಂದ ಆ ಪದ್ಯವನ್ನು ಕಿತ್ತುಕೊಳ್ಳಬೇಕೆಂದು ನನಗೆ ಅನ್ನಿಸಿಲ್ಲ. ಅವಳು ಬೆಳೆದದ್ದು ಈ ಬೆಟ್ಟಗಳ ನಡುವೆ. ಅಜ್ಜಿಗೆ ಮಾತ್ರ ಮೊಮ್ಮಗಳ ಅರ್ಧ ಬಾಲ್ಯ ಕೈತಪ್ಪಿಹೋಯಿತು.

ಇನ್ನು ಹಣದ ಮಾತು: ರಷ್ಯಾದ ರೂಬಲ್ ಕುಸಿದಾಗ ಅಲ್ಲಿಂದ ಮನೆಗೆ ಬರುವ ದುಡ್ಡಿನ ಬೆಲೆ ಇಲ್ಲಿನ ನಾಣ್ಯವಾದ ಸೋಮ್ ಲೆಕ್ಕದಲ್ಲಿ ಇಳಿಯುತ್ತದೆ. ಅಂಥ ತಿಂಗಳಲ್ಲಿ ನಿಮ್ಮ ಮನೆಯೊಡತಿ ಬಾಡಿಗೆಯನ್ನು ಮುಂಗಡವಾಗಿ ಕೇಳಿದರೆ ಅದನ್ನು ದುರಾಸೆಯೆಂದು ತಿಳಿಯದೆ, ಕೈಲಾದರೆ ಕೊಡಿ, ರಸೀದಿ ಬರೆಸಿಕೊಳ್ಳಿ.