ಬಿ.ಎಸ್ಸಿ. ಜೀವಶಾಸ್ತ್ರಕ್ಕೆ ಸೇರುವ ಮೊದಲು: ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಕಾಲೇಜಿಗೆ ಬಿ.ಎಸ್ಸಿ. ಅರ್ಜಿ ಕೇಳಿಕೊಂಡು ಬರುವವರಲ್ಲಿ ಅನೇಕರು ನೀಟ್‌ನಲ್ಲಿ ಸೀಟು ಸಿಗದೆ ಬಂದವರು. ಜೊತೆಗೆ ಬಂದ ತಂದೆ-ತಾಯಿ ಕೇಳುವ ಪ್ರಶ್ನೆ ಒಂದೇ: "ಇದನ್ನು ಓದಿದರೆ ಮುಂದೆ ಎಂತ ಕೆಲಸ ಸಿಗ್ತದೆ, ಸರ್?" ಪ್ರಾಣಿಶಾಸ್ತ್ರ ಕಲಿಸುವವನಾಗಿ ನಾನು ಕೊಡುವ ಉತ್ತರ ಇಷ್ಟೇ. ಮೂರು ವರ್ಷದ ಪದವಿಯೊಂದನ್ನೇ ನೋಡಿ ಕೊಡುವ ಕೆಲಸಗಳು ಕಡಿಮೆ. ಅದರ ಮೇಲೆ ಏನನ್ನು ಕಲಿಯುತ್ತೀರಿ ಎಂಬುದನ್ನು ಸೇರುವ ಮೊದಲೇ ಯೋಚಿಸಿಕೊಂಡವರಿಗೆ ದಾರಿಗಳು ಸಾಕಷ್ಟಿವೆ.

ಮೊದಲನೆಯದಾಗಿ, ಹೆಸರಿನಲ್ಲಿ ಹತ್ತಿರವಿದ್ದು ಉದ್ಯೋಗದಲ್ಲಿ ದೂರವಿರುವ ಪದವಿಗಳನ್ನು ಬೇರೆ ಮಾಡಿ ನೋಡಿ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರಗಳ ಬಿ.ಎಸ್ಸಿ. ಬೇರೆ, ಶಿರಸಿಯ ಅರಣ್ಯ ಮಹಾವಿದ್ಯಾಲಯದ ಬಿ.ಎಸ್ಸಿ. ಅರಣ್ಯಶಾಸ್ತ್ರ, ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಪದವಿ, ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬೇಕಾದ ಬಿ.ಎಸ್ಸಿ. ಎಂ.ಎಲ್.ಟಿ. (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಬೇರೆ. ಅರಣ್ಯ ಮತ್ತು ಮೀನುಗಾರಿಕೆ ಪದವಿಗಳಿಗೆ ಹೆಚ್ಚಾಗಿ ಸಿಇಟಿ ಮೂಲಕ ಹೋಗಬೇಕು, ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾ ಇದೆ. ಲ್ಯಾಬ್ ಟೆಕ್ನಿಷಿಯನ್ ಆಗಬೇಕೆಂದು ಬಯಸಿದ್ದ ಒಬ್ಬ ವಿದ್ಯಾರ್ಥಿನಿ ಪ್ರಾಣಿಶಾಸ್ತ್ರದಲ್ಲಿ ಮೂರು ವರ್ಷ ಕಳೆದ ಮೇಲೆ ಅದಕ್ಕೆ ಬೇರೆಯೇ ಕೋರ್ಸ್ ಬೇಕೆಂದು ತಿಳಿದುಕೊಂಡದ್ದು ನನಗೆ ಇಂದಿಗೂ ನೋವಿನ ಸಂಗತಿ. ನೀವು ಬಯಸುವ ಹುದ್ದೆಯ ಹಳೆಯ ಅಧಿಸೂಚನೆಯೊಂದನ್ನು ಹುಡುಕಿ, ಅದರ ವಿದ್ಯಾರ್ಹತೆಯ ಕಲಮನ್ನು ಅಕ್ಷರಶಃ ಓದಿ.

ಶಿಕ್ಷಕ ವೃತ್ತಿಯ ದಾರಿ ಎಲ್ಲರಿಗೂ ಗೊತ್ತಿರುವುದೇ: ಶಾಲೆಗಾದರೆ ಬಿ.ಎಡ್., ಪದವಿ ಕಾಲೇಜಿಗಾದರೆ ಶೇ. 55 ಅಂಕಗಳ ಎಂ.ಎಸ್ಸಿ. ಜೊತೆಗೆ ನೆಟ್ ಅಥವಾ ಕೆ-ಸೆಟ್ ಎಂಬ ಅಧ್ಯಾಪಕ ಅರ್ಹತಾ ಪರೀಕ್ಷೆ. ನಮ್ಮಲ್ಲಿ ಹೆಚ್ಚಿನವರು ಗಮನಿಸದೇ ಇರುವುದು ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯನ್ನು. ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ ಪದವೀಧರರು ಅದಕ್ಕೆ ಅರ್ಹರು. ಸಂಶೋಧನೆಗೆ ಹೋಗುವವರು ಪದವಿಯ ಕೊನೆಯ ವರ್ಷದಲ್ಲಿ ಎಂ.ಎಸ್ಸಿ. ಪ್ರವೇಶಕ್ಕಾಗಿ ಐಐಟಿಗಳು ನಡೆಸುವ ಜಾಮ್ ಪರೀಕ್ಷೆ ಬರೆಯಬಹುದು. ಮುಂದೆ ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ದೊರೆತರೆ, 2023ರಲ್ಲಿ ಪರಿಷ್ಕರಿಸಿದ ದರದಂತೆ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ.

ಇಷ್ಟು ಯಾವ ಜಿಲ್ಲೆಯವರಿಗೂ ಅನ್ವಯಿಸುವ ಮಾತು. ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಇರುವ ಅನುಕೂಲ ಬೇರೆಯದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಅದೇ ಊರಿನಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವು ಪಂಜರ ಮೀನು ಕೃಷಿಯ ಮೇಲೆ ಕೆಲಸ ಮಾಡುತ್ತಾ ಬಂದಿದೆ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎನಿಸಿತು. ಅಲ್ಲಿನ ಬಳಚು (ಚಿಪ್ಪುಜೀವಿ), ಕಾಂಡ್ಲಾ ಗಿಡಗಳು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತವನ್ನು ನೋಡಲು ಹೊರಗಿನ ಸಂಶೋಧಕರು ನೂರಾರು ಮೈಲಿ ದಾಟಿ ಬರುತ್ತಾರೆ; ಕುಮಟೆಯ ವಿದ್ಯಾರ್ಥಿಗೆ ಅದು ಬಸ್ಸಿನ ದಾರಿ. ಘಟ್ಟದ ಮೇಲೆ ಅಡಿಕೆಯ ಕೊಳೆರೋಗ ಮತ್ತು ಎಲೆಚುಕ್ಕಿ ರೋಗ, ಸಿದ್ದಾಪುರದ ಕಡೆ ಉಣುಗುಗಳಿಂದ ಹರಡುವ ಮಂಗನ ಕಾಯಿಲೆ, ಕಾನುಗಳೊಳಗಿನ ರಾಮಪತ್ರೆಯ ಜಡ್ಡಿಗಳು (ಜೌಗು ಕಾಡುಗಳು): ಒಂದೊಂದೂ ಜೀವಶಾಸ್ತ್ರಜ್ಞನನ್ನು ಬೇಡುವ ವಿಷಯ.

ಈ ಅನುಕೂಲವನ್ನು ಅರ್ಹತೆಯಾಗಿ ಮಾಡಿಕೊಳ್ಳಲು ಮೊದಲ ಸೆಮಿಸ್ಟರ್‌ನಿಂದಲೇ ಒಂದು ಕ್ಷೇತ್ರ ಪುಸ್ತಕ ಆರಂಭಿಸಿ. ಮನೆಗೆ ಹತ್ತಿರದ ಒಂದೇ ಜಾಗವನ್ನು ಆರಿಸಿಕೊಳ್ಳಿ. ಅದು ಅಳಿವೆಯ ದಂಡೆಯಾದರೆ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಹೆಚ್ಚಾಗಿ ಕೆಸರುನೆಲ ತೆರೆದುಕೊಳ್ಳುವುದರಿಂದ, ತಿಂಗಳಿಗೆ ಆ ಎರಡು ದಿನ ತಪ್ಪದೆ ಹೋಗಿ. ಅರ್ಧ ಮೀಟರ್ ಅಳತೆಯ ಚೌಕಟ್ಟೊಂದನ್ನು ನೆಲದ ಮೇಲಿಟ್ಟು, ಅದರೊಳಗಿನ ಜೀವಿಗಳನ್ನು ಎಣಿಸಿ, ದಿನಾಂಕ, ಸಮಯ, ನೀರಿನ ಉಷ್ಣತೆಯೊಂದಿಗೆ ಬರೆದಿಡಿ. ಬಳಚು ಹೆಕ್ಕುವ ಹೆಂಗಸರು ಹೇಳುವ ಸ್ಥಳೀಯ ಹೆಸರುಗಳನ್ನೂ ಬಿಡಬೇಡಿ. ತೋಟದವರಾದರೆ ಗುರುತು ಹಾಕಿದ 20 ಮರಗಳಲ್ಲಿ ರೋಗ ತಗುಲಿದ ಎಲೆಗಳನ್ನು ಎಣಿಸುತ್ತಾ ಹೋಗಿ. ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮತ್ತು ಮಂಗನ ಕಾಯಿಲೆಯ ತಿಂಗಳುಗಳಲ್ಲಿ, ಅಂದರೆ ಡಿಸೆಂಬರ್‌ನಿಂದ ಮೇವರೆಗೆ, ಬಾಧಿತ ಪ್ರದೇಶದ ಕಾಡಿನಿಂದ ದೂರವಿರುವುದು ಒಳ್ಳೆಯದು. ವರ್ಷ ತುಂಬುವಾಗ ನಿಮ್ಮ ಬಳಿ ಸ್ವಂತ ಅಂಕಿ-ಅಂಶಗಳಿರುತ್ತವೆ. ಭಾರತೀಯ ವಿಜ್ಞಾನ ಅಕಾಡೆಮಿಗಳು ನೀಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕುವಾಗ ಆ ಪುಸ್ತಕವೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಅಂಕಿ-ಅಂಶಗಳನ್ನು ಅರ್ಥಮಾಡಿಕೊಳ್ಳಲು ಸಂಖ್ಯಾಶಾಸ್ತ್ರ ಬೇಕು. ಗಣಿತ ತಪ್ಪಿಸಿಕೊಳ್ಳಲೆಂದು ಜೀವಶಾಸ್ತ್ರ ಆರಿಸುವವರಿಗೆ ಎಂ.ಎಸ್ಸಿ.ಯಲ್ಲಿ ಅದು ಎದುರಾಗಿಯೇ ಆಗುತ್ತದೆ. ಆದ್ದರಿಂದ ಉಚಿತವಾಗಿ ಸಿಗುವ 'ಆರ್' (R) ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶವನ್ನು ಎರಡನೇ ವರ್ಷದಲ್ಲೇ ಕಲಿಯಿರಿ. ಗಿಡ-ಮೀನು-ಹಕ್ಕಿಗಳನ್ನು ಖಚಿತವಾಗಿ ಗುರುತಿಸುವ ಕೌಶಲವೂ ಹಾಗೆಯೇ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳು ಸಿದ್ಧಪಡಿಸಬೇಕಾದ ಜೀವವೈವಿಧ್ಯ ದಾಖಲಾತಿಗೂ, ಯೋಜನೆಗಳ ಪರಿಸರ ಪರಿಣಾಮದ ಅಧ್ಯಯನಕ್ಕೂ ಅಂಥವರು ಬೇಕು, ಆದರೆ ತರಬೇತಾದವರು ವಿರಳ.

ಕೊನೆಗೆ ಮನೆಯವರೊಂದಿಗೆ ಕುಳಿತು ವರ್ಷಗಳ ಲೆಕ್ಕ ಹಾಕಿ. ಬಿ.ಎಸ್ಸಿ.ಗೆ ಮೂರು, ಎಂ.ಎಸ್ಸಿ.ಗೆ ಎರಡು, ಪಿಎಚ್.ಡಿ. ಹಿಡಿದರೆ ಮತ್ತೆ ನಾಲ್ಕೈದು. ಇಪ್ಪತ್ತೊಂದನೇ ವಯಸ್ಸಿಗೇ ದುಡಿಯಲೇಬೇಕಾದ ಮನೆಯ ಮಗುವಿಗೆ ಎಂ.ಎಲ್.ಟಿ.ಯಂಥ ವೃತ್ತಿಪರ ಪದವಿಯನ್ನೇ ನಾನು ಸೂಚಿಸುತ್ತೇನೆ. ಕಾಯಲು ಸಾಧ್ಯವಿರುವವರು ಪ್ರವೇಶಕ್ಕೆ ಮೊದಲು ಕಾಲೇಜಿನ ಪ್ರಯೋಗಾಲಯವನ್ನು ಒಮ್ಮೆ ನೋಡಿ ಬನ್ನಿ. ವಾರಕ್ಕೆ ಎಷ್ಟು ತಾಸು ಪ್ರಯೋಗ ನಡೆಯುತ್ತದೆ, ವರ್ಷಕ್ಕೆ ಎಷ್ಟು ಬಾರಿ ಹೊರಗೆ ಕರೆದೊಯ್ಯುತ್ತಾರೆ ಎಂಬುದನ್ನು ಈಗ ಅಲ್ಲಿ ಓದುತ್ತಿರುವವರನ್ನೇ ಕೇಳಿ.