ಅಮ್ಮ ಅಂಗೈ ಊರಿ ಏಳುವ ನೆಲ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯನ್ನು ಅಪ್ಪ 1986ರಲ್ಲಿ ಕಟ್ಟಿಸಿದ್ದು. ಅಡುಗೆಮನೆಗೆ ಕೆಂಪು ಗಾರೆ ನೆಲ. ಈಗ ರೆಡ್ ಆಕ್ಸೈಡ್ ಅಂತಾರಲ್ಲ, ಅದೇ. ಓಡಾಡಿ, ಒರೆಸಿ ನುಣುಪಾಗಿ ಹೊಳೆಯುತ್ತಿತ್ತು. ಆದರೆ ಸಿಂಕಿನ ಕೆಳಗಿಂದ ಒಲೆಕಟ್ಟೆಯವರೆಗೆ ಒಂದು ಬಿರುಕು ಬಿಟ್ಟಿತ್ತು. ಅದರೊಳಗೆ ನೀರು ಇಳಿಯುತ್ತಿತ್ತು, ಇರುವೆ ಮೇಲೆ ಬರುತ್ತಿದ್ದವು. ಅಡುಗೆಮನೆಯನ್ನು ಪೂರ್ತಿ ಹೊಸದು ಮಾಡಿಸೋಣ ಅಂತ ಹೊರಟಾಗ ಕಪಾಟು, ಚಿಮಣಿ ಎಲ್ಲ ಎರಡೇ ದಿನದಲ್ಲಿ ತೀರ್ಮಾನವಾಯಿತು. ನೆಲಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಕಾರಣ ಅಮ್ಮ. ಅವರಿಗೆ 74 ವರ್ಷ. ಈಗಲೂ ನೆಲದ ಮೇಲೆ ಕೂತೇ ಕಾಯಿ ತುರಿಯುತ್ತಾರೆ. ಏಳುವಾಗ ಅಂಗೈ ನೆಲಕ್ಕೆ ಊರಿ ಏಳಬೇಕು. ಆ ಕೈ ಜಾರಬಾರದು. ನನಗೆ ಮುಖ್ಯವಾಗಿ ಬೇಕಿದ್ದದ್ದು ಇದೊಂದೇ.

ಅಮ್ಮನಿಗೆ ಕೆಂಪು ನೆಲವೇ ಮತ್ತೆ ಬೇಕಿತ್ತು. ಆ ಕೆಲಸ ಬಲ್ಲ ಹಿರಿಯ ಮೇಸ್ತ್ರಿ ಒಬ್ಬರು ಬಂದು ನೋಡಿದರು. ಸಾರಣೆ, ಕರಣೆಯಲ್ಲಿ ಉಜ್ಜುವುದು ಎಲ್ಲ ಒಂದೇ ಓಟದಲ್ಲಿ ಮುಗಿಯಬೇಕು, ಆಮೇಲೆ ನೀರು ಕಟ್ಟಿ ದಿನಗಟ್ಟಲೆ ನೆನೆಸಬೇಕು ಅಂದರು. ಜೋಡು ಇಲ್ಲದ ನೆಲ, ಮತ್ತೆ ಬಿರುಕು ಬಿಡಲ್ಲ ಅಂತ ಮಾತು ಕೊಡಲಾರೆ ಅಂತಲೂ ನೇರವಾಗಿ ಹೇಳಿದರು. ಆ ಮಾತಿಗೆ ನಾನು ಬೆಲೆ ಕೊಟ್ಟೆ. ನಡುಮನೆ, ದೇವರಮನೆಯ ಕೆಂಪು ನೆಲ ಮುಟ್ಟಲಿಲ್ಲ. ಅಡುಗೆಮನೆಗೆ ಬೇರೆ ಹುಡುಕಿದೆ.

ಅಂಗಡಿಯಲ್ಲಿ ಎಲ್ಲ ನೆಲವೂ ಚೆಂದವೇ. ಅಲ್ಲಿ ಹುಣಸೆರಸ ಚೆಲ್ಲಲ್ಲ, ಒಗ್ಗರಣೆ ಸಿಡಿಯಲ್ಲ ಅಲ್ವಾ! ಅದಕ್ಕೆ ಸ್ಯಾಂಪಲ್ ತುಂಡುಗಳನ್ನೇ ಮನೆಗೆ ತಂದೆ. ಕೋಟಾ ಕಲ್ಲು, ಬೂದು ಬಣ್ಣದ ಗ್ರಾನೈಟ್, ಹೊಳಪಿನ ವಿಟ್ರಿಫೈಡ್ ಟೈಲ್ (ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನ ಹಾಗೆ ಬಿಗಿಯಾಗಿಸಿದ್ದು), ಹೊಳಪಿಲ್ಲದ ಮ್ಯಾಟ್ ವಿಟ್ರಿಫೈಡ್ ಟೈಲ್. ಹಿತ್ತಲಿನ ಕಟ್ಟೆ ಮೇಲೆ ಸಾಲಾಗಿ ಇಟ್ಟು ಪ್ರತಿಯೊಂದರ ಮೇಲೂ ಒಂದು ಮೂಲೆಗೆ ನಿಂಬೆರಸ, ಇನ್ನೊಂದಕ್ಕೆ ಹುಣಸೆ, ಮತ್ತೊಂದಕ್ಕೆ ಅರಿಶಿನ ಕಲಸಿದ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಟ್ಟೆ.

ಬೆಳಿಗ್ಗೆ ಒರೆಸಿ ನೋಡಿದರೆ ಕೋಟಾ ಕಲ್ಲಿನ ಮೇಲೆ ನಿಂಬೆ ಬಿದ್ದ ಜಾಗ ಬಿಳಿಚಿಕೊಂಡಿತ್ತು. ಬೆರಳಾಡಿಸಿದರೆ ತರಿತರಿ. ಅದು ಸುಣ್ಣದ ಕಲ್ಲು, ಹುಳಿ ಅದನ್ನು ತಿನ್ನುತ್ತದೆ. ನಮ್ಮ ಶಹಾಬಾದ್ ಕಲ್ಲೂ ಅದೇ ಜಾತಿ. ಮಾರ್ಬಲ್ ಕಥೆಯೂ ಅಷ್ಟೇ, ಅದಕ್ಕೇ ತಂದಿರಲಿಲ್ಲ. ಗ್ರಾನೈಟ್ ಹುಳಿಗೆ ಜಗ್ಗಲಿಲ್ಲ. ಆದರೆ ಕಲೆ ಇಳಿಯದಂತೆ ಬಳಿಯುವ ಸೀಲರ್ ಲೇಪ ಇಲ್ಲದ ತುಂಡು ಅದು, ಎಣ್ಣೆ ಕುಡಿದು ಕಪ್ಪು ಕಲೆ ಉಳಿಸಿಕೊಂಡಿತು. ಎರಡೂ ವಿಟ್ರಿಫೈಡ್ ಟೈಲ್ ಪಾತ್ರೆ ಸೋಪಿಗೆ ಶುಭ್ರವಾದವು. ಅವು ನೀರು ಹೀರುವುದು ತಮ್ಮ ತೂಕದ 0.5 ಪರ್ಸೆಂಟಿಗಿಂತಲೂ ಕಡಿಮೆ.

ಆಮೇಲೆ ಎರಡರ ಮೇಲೂ ಸೋಪಿನ ನೀರು, ಎರಡು ಹನಿ ಎಣ್ಣೆ ಸುರಿದೆ. ಅಮ್ಮ ಪಕ್ಕದಲ್ಲಿ ಕೂತು ಅಂಗೈ ಊರಿದರು. ಹೊಳಪಿನದರ ಮೇಲೆ ಕೈ ಸರ್ರನೆ ಮುಂದಕ್ಕೆ ಹೋಯಿತು, ನಾನು ತೋಳು ಹಿಡಿದುಕೊಂಡೆ. ಮ್ಯಾಟ್ ಮೇಲೆ ಸ್ವಲ್ಪ ಜಾರಿ ನಿಂತಿತು. "ಇದೇ ಇರಲಿ, ಆದರೆ ಕೆಂಪು ಬಣ್ಣದ್ದು ಸಿಗುತ್ತಾ ನೋಡು" ಅಂದರು. ಇಟ್ಟಿಗೆ ಬಣ್ಣದ್ದು ಸಿಕ್ಕಿತು.

ಅಡುಗೆಮನೆ 10 ಅಡಿಗೆ 12 ಅಡಿ, ಅಂದರೆ 120 ಚದರಡಿ. ಎರಡಡಿ ಟೈಲಿನ ನಾಲ್ಕು ತುಂಡಿನ ಪೆಟ್ಟಿಗೆ ಸುಮಾರು 15.5 ಚದರಡಿ ಬರುತ್ತದೆ. ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ 9 ಪೆಟ್ಟಿಗೆ ತಂದೆ. ಇಳಿಸಿಕೊಳ್ಳುವಾಗ ಪೆಟ್ಟಿಗೆ ಮೇಲಿನ ಶೇಡ್ ನಂಬರ್ ನೋಡಿದ್ದು ಒಳ್ಳೆಯದಾಯಿತು. ಎರಡರ ನಂಬರ್ ಬೇರೆ ಇತ್ತು. ಬಿಸಿಲಿಗೆ ಹಿಡಿದರೆ ಒಂದು ಛಾಯೆ ಕಪ್ಪು. ವಾಪಸ್ ಕೊಟ್ಟು ಬದಲಾಯಿಸಿಕೊಂಡೆ.

ಹಳೆ ನೆಲದ ಮೇಲೇ ಹಾಕಿದ್ದರೆ ನಡುಮನೆಗಿಂತ ಎತ್ತರವಾಗಿ ಅಮ್ಮ ಎಡವುತ್ತಿದ್ದರು. ಅದಕ್ಕೆ ಒಡೆಸಿದೆ. ಮನಸ್ಸಿಗೆ ಕಷ್ಟವಾಯಿತು. ಹೊಸ ಗಾರೆಗೆ ಬಚ್ಚಲ ತೂತಿನ ಕಡೆ ಹತ್ತಡಿಗೆ ಒಂದಿಂಚು ವಾಟ ಕೊಡಿಸಿದೆ.

ಟೈಲ್ ಹಾಕಲು ಬಂದವರು ಮೊದಲ ದಿನ ಪ್ರತಿ ಟೈಲಿನ ಹಿಂದೆ ಐದು ಕಡೆ ಸಿಮೆಂಟ್ ಉಂಡೆ ಇಟ್ಟು ಒತ್ತಿದರು. ನೀರು ಹೀರದ ಟೈಲಿಗೆ ಬರೀ ಸಿಮೆಂಟ್ ಸರಿಯಾಗಿ ಕಚ್ಚಲ್ಲ, ಉಂಡೆಗಳ ನಡುವೆ ಪೊಳ್ಳು ಬೇರೆ. ಸಂಜೆ ಒಂದು ರೂಪಾಯಿ ನಾಣ್ಯದಿಂದ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಕ್ ಟಕ್, ಪೊಳ್ಳಿದ್ದಲ್ಲಿ ಡಬ್ ಡಬ್. ಅಲ್ಲಿ ರುಬ್ಬುಗುಂಡು ಬಿದ್ದರೆ ಟೈಲ್ ಹೋಳು. ಆರು ಟೈಲ್ ಕೀಳಿಸಿದೆ, ಅದೃಷ್ಟಕ್ಕೆ ಒಂದೂ ಒಡೆಯಲಿಲ್ಲ. ಮಾರನೇ ದಿನದಿಂದ ಟೈಲ್ ಅಂಟನ್ನು ಹಲ್ಲಿನ ಕರಣೆಯಲ್ಲಿ ಪೂರ್ತಿ ಬಳಿದು ಕೂರಿಸಿದರು.

ಟೈಲುಗಳ ಸಂದಿಗೆ ಎಪಾಕ್ಸಿ ಗ್ರೌಟ್, ಅಂದರೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಸಂದಿ ತುಂಬುವ ಮಿಶ್ರಣ, ತುಂಬಿಸಿದೆ. ದುಬಾರಿ, ನಿಜ. ಆದರೆ ಸಿಮೆಂಟ್ ಗ್ರೌಟ್ ಅರಿಶಿನ ಹೀರಿಕೊಂಡರೆ ಬಿಡಿಸುವುದು ಬಲು ಕಷ್ಟ. ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ. ಟೈಲ್ ಮೇಲೆ ಉಳಿದದ್ದನ್ನು ಆಗಿಂದಾಗ ಒರೆಸಬೇಕು. ಒಬ್ಬರು ತುಂಬುತ್ತಾ ಹೋದರು, ನಾನು ಹಿಂದೆಯೇ ಮಂಡಿಯೂರಿ ಸ್ಪಂಜಿನಲ್ಲಿ ಒರೆಸುತ್ತಾ ಬಂದೆ.

ಮ್ಯಾಟ್ ಟೈಲಿಗೆ ಕಾಲಿನ ಕೊಳೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ವಾರಕ್ಕೊಮ್ಮೆ ಬ್ರಶ್ ಹಾಕಿ ಉಜ್ಜುತ್ತೇನೆ. ಉಳಿದ ಮೂರು ಟೈಲ್ ಅಟ್ಟದ ಮೇಲಿವೆ. ಶೇಡ್ ನಂಬರ್ ಇರುವ ರಟ್ಟಿನ ತುಂಡನ್ನು ಕತ್ತರಿಸಿ ಅವುಗಳ ಜೊತೆಗೇ ಕಟ್ಟಿಟ್ಟಿದ್ದೇನೆ.